ನನ್ನ ಭುಜನೋವಿನ ಅಕಾಲ ಮರಣ

ಮೂರು ವರ್ಷ ನನ್ನನ್ನು ಸಾಕಿ ಸಲಹಿದ ಬಲಭುಜದ ನೋವು ಹೋದ ವಾರ ಒಂದು ಮೆಕ್ಸಿಕನ್ ರೆಸ್ಟೋರೆಂಟಿನಲ್ಲಿ ತೀರಿಕೊಂಡಿತು. ಅಂಥ ನೋವು ಇನ್ನು ಹುಟ್ಟಿ ಬರುವುದಿಲ್ಲ. ಫ್ಯಾನ್ ಒರೆಸುವ ದಿನ ತಪ್ಪದೆ ಹಾಜರಾಗುತ್ತಿತ್ತು, ಹಾಸಿಗೆ ಕೊಡವುವಾಗ ಚಳುಕು ಹೊಡೆಯುತ್ತಿತ್ತು, ಊಟದ ಹೊತ್ತಿಗೆ ಮರ್ಯಾದೆಯಿಂದ ಎದ್ದು ಹೋಗುತ್ತಿತ್ತು. (ನನ್ನದು ಔಷಧಿ ಅಂಗಡಿ. ಯಾವ ನೋವಿಗೆ ಎಷ್ಟು ನರಳಬೇಕೆಂಬ ವಿದ್ಯೆಯನ್ನು ಗಿರಾಕಿಗಳೇ ಪುಕ್ಕಟೆಯಾಗಿ ಕಲಿಸಿದ್ದಾರೆ.)

ಈ ಸಲ ಅದರ ಮೇಲೆ ಭಾರೀ ಹೊಣೆ ಬಿದ್ದಿತ್ತು. ಹೆಂಡತಿಯ ತಮ್ಮ ಮರುದಿನ ಮನೆ ಬದಲಾಯಿಸುವವನಿದ್ದ. ಹೊಸ ಮನೆ ಮೂರನೆಯ ಮಹಡಿಯಲ್ಲಿ, ಲಿಫ್ಟ್ ಇಲ್ಲ, ಅವನ ಕಬ್ಬಿಣದ ಬೀರುವೋ ಹಡಗಿನಷ್ಟಿದೆ. ನಾನು ಮುಂಜಾಗ್ರತೆಯಾಗಿ ನಮ್ಮದೇ ಅಂಗಡಿಯ ಕೈಜೋಳಿಗೆಯನ್ನು ಕತ್ತಿಗೆ ನೇತುಹಾಕಿಕೊಂಡು ಬಲಗೈಯನ್ನು ಅದರಲ್ಲಿ ಮಲಗಿಸಿಬಿಟ್ಟಿದ್ದೆ. ಸಾಮಾನು ಕಟ್ಟಲು ಬರುವ ಅಕ್ಕನಿಗೆ ಅವನು ಹಿಂದಿನ ಸಂಜೆಯೇ ಆ ರೆಸ್ಟೋರೆಂಟಿನಲ್ಲಿ ಔತಣ ಇಟ್ಟುಕೊಂಡಿದ್ದ.

"ಕೈ ನೋವು ಅಂತೀರಿ, ನೀವ್ಯಾಕ್ರೀ ಹೊರಟ್ರಿ?" ಎಂದಳು ಹೆಂಡತಿ.

"ನೋವಿರೋದು ಕೈಗೆ ಕಣೇ, ಹೊಟ್ಟೆಗಲ್ಲ."

ಅದು ಬಲು ದರ್ಬಾರಿನ ಜಾಗ. ಸಾಧಾರಣ ಹೋಟೆಲುಗಳಲ್ಲಿ ಲೈಟು ಇರುತ್ತದೆ, ಇಲ್ಲಿ ಮೇಣದಬತ್ತಿ. ಮೊಬೈಲಿನ ಟಾರ್ಚ್ ಹಾಕಿಕೊಂಡು, ಕಳ್ಳರಂತೆ ಮೆನು ಓದಿದೆವು. ಮೊದಲು ಬಂದದ್ದು ಗಾಡಿಚಕ್ರದಷ್ಟು ತಟ್ಟೆ, ಅದರ ನಡುವೆ ಅಂಗೈಯಷ್ಟು ಟ್ಯಾಕೊ, ಅದರ ಮೇಲೊಂದು ಹೂವು.

"ಇದನ್ನ ತಿನ್ನೋದೋ, ಮುಡಿಯೋದೋ?" ಎಂದು ಹೆಂಡತಿ ಪಿಸುಗುಟ್ಟಿದಳು.

ನಾನು ಎಡಗೈಯಲ್ಲಿ ಟ್ಯಾಕೊ ಎತ್ತಿ, ಅರ್ಧ ಅಂಗಿಯ ಮೇಲೆ ಬೀಳಿಸಿಕೊಂಡು, ಹದವಾಗಿ ಒಂದು ಸಲ ನರಳಿದೆ. ಭಾವಮೈದುನನ ಕರುಳು ಕರಗಿತು. "ಪಾಪ, ನಾಳೆ ನೀವು ಬರಲೇಬೇಡಿ ಭಾವ. ಮನೇಲಿ ಮಲ್ಕೊಳ್ಳಿ."

ಗೆದ್ದೆ! ಅಲ್ಲಿಗೇ ಸುಮ್ಮನೆ ಕೂತಿದ್ದರೆ ಇವತ್ತು ಈ ಗೋಳು ಇರುತ್ತಿರಲಿಲ್ಲ.

ಅಷ್ಟರಲ್ಲಿ ಸಪ್ಲೈಯರ್ ಒಂದು ತಳ್ಳುಬಂಡಿ ತಂದ. ಅದರ ಮೇಲೆ ಕರೀ ಕಲ್ಲಿನ ಕುಟ್ಟಾಣಿ, ಪಕ್ಕದಲ್ಲಿ ಬೆಣ್ಣೆಹಣ್ಣು, ಈರುಳ್ಳಿ, ಮೆಣಸಿನಕಾಯಿ. "ಗ್ವಾಕಮೋಲೆ ಸರ್. ನಿಮ್ಮ ಕಣ್ಣೆದುರೇ ಮಾಡಿಕೊಡ್ತೀವಿ," ಎಂದವನೇ ಮಲಗಿದ ಮಗುವನ್ನು ಎಬ್ಬಿಸುವಂತೆ ಮೆಲ್ಲಗೆ ಕುಟ್ಟತೊಡಗಿದ.

ನನ್ನ ರಕ್ತ ಕುದಿಯಿತು. ಅಪ್ಪನ ಕಾಲದಲ್ಲಿ ನಮ್ಮ ಅಂಗಡಿಯಲ್ಲಿ ಔಷಧಿಯನ್ನು ಕುಟ್ಟಿ, ಅರೆದು, ಪೊಟ್ಟಣ ಕಟ್ಟಿಕೊಡುತ್ತಿದ್ದೆವು. ಕುಟ್ಟಾಣಿ ವಿಚಾರದಲ್ಲಿ ನಮ್ಮದು ಘನ ರಾಜವಂಶ. ಅದರ ಯುವರಾಜನ ಎದುರಿಗೆ ಈ ಅಪಚಾರವೇ?

"ಏನ್ರೀ, ಅದಕ್ಕೆ ಕಚಗುಳಿ ಇಡ್ತಾ ಇದೀರಾ? ಮಣಿಕಟ್ಟು ತಿರುಗಿಸಿ."

"ಹೀಗಾ ಸರ್?"

"ಹಾಗಲ್ಲ! ಕೊಡಿ ಇಲ್ಲಿ!"

ಬಲಗೈ ಜೋಳಿಗೆಯಿಂದ ಯಾವಾಗ ಹೊರಬಂತೋ ನನಗೆ ತಿಳಿಯದು. ಜೋಳಿಗೆ ಹಾರಿ ಸಾಲ್ಸಾ ಚಟ್ನಿಯೊಳಗೆ ಬಿತ್ತು. ನಾನು ಕುಟ್ಟಿದೆ, ಅರೆದೆ, ತಿರುವಿದೆ. ಪಕ್ಕದ ಟೇಬಲ್ಲಿನವರು ಎದ್ದು ನಿಂತು ವಿಡಿಯೋ ತೆಗೆದರು. "ಇನ್ನೆರಡು ಹಣ್ಣು ಹಾಕಿ!" ಎಂದು ಗರ್ಜಿಸಿದೆ. ಕೊನೆಗೆ ಚಪ್ಪಾಳೆಯ ನಡುವೆ ಆ ಕಲ್ಲಿನ ಗುಂಡನ್ನು ಗದೆಯಂತೆ ತಲೆಯ ಮೇಲೆತ್ತಿ ಎಲ್ಲರಿಗೂ ದರ್ಶನ ಕೊಟ್ಟೆ.

ಹೆಂಡತಿ ಮಾತ್ರ ಚಪ್ಪಾಳೆ ತಟ್ಟಲಿಲ್ಲ.

"ರೀ, ಯಾವ ಕೈ ಅದು?"

ತಲೆಯೆತ್ತಿ ನೋಡಿದೆ. ಬಲಗೈ. ಬೇರೆ ಯಾರದೋ ಕೈಯೆಂದು ಹೇಳೋಣವೆಂದರೆ ಅದು ನನ್ನ ಭುಜಕ್ಕೇ ಅಂಟಿಕೊಂಡಿತ್ತು.

"ಆವೇಶದಲ್ಲಿ... ನೋವು ಗೊತ್ತಾಗಲ್ಲ ಕಣೇ."

"ಮೂರು ವರ್ಷ ನಾನು ಸ್ಟೂಲ್ ಹತ್ತಿ ಫ್ಯಾನ್ ಒರೆಸಿದ್ದೀನಿ!"

ಭಾವಮೈದುನ ಚಿಪ್ಸನ್ನು ಗ್ವಾಕಮೋಲೆಯಲ್ಲಿ ಅದ್ದಿ ಚಪ್ಪರಿಸಿದ. "ಎಂಥಾ ಹದ ಭಾವ! ಅಕ್ಕ, ಬೀರುವಿನ ಕೆಳಗಡೆ ತುದಿ ಭಾವನೇ ಹಿಡಿದುಕೊಳ್ಳಲಿ."

ಹಿಡಿದೆ. ಎರಡನೆಯ ಮಹಡಿಯ ತಿರುವಿನಲ್ಲಿ ಬಲಭುಜದೊಳಗೆ ಏನೋ 'ಚಟ್' ಎಂದಿತು. ಅವತ್ತಿನಿಂದ ತಲೆ ಬಾಚಲೂ ಕೈ ಏಳುತ್ತಿಲ್ಲ. ಇದು ಅಪ್ಪಟ, ಅಸಲಿ ನೋವು. ಆಣೆ ಮಾಡಿ ಹೇಳುತ್ತೇನೆ. ನಿನ್ನೆ ಬೆಳಿಗ್ಗೆ ಜೀವಮಾನದಲ್ಲೇ ಮೊದಲ ಬಾರಿಗೆ ಪ್ರಾಮಾಣಿಕವಾಗಿ ನರಳಿದೆ.

ಹೆಂಡತಿ ತಲೆ ವಾಲಿಸಿ, ಕಿವಿಗೊಟ್ಟು ಕೇಳಿದಳು.

"ಊಹೂಂ. ಮುಂಚೆ ಇದಕ್ಕಿಂತ ಚೆನ್ನಾಗಿ ನರಳ್ತಿದ್ರಿ," ಎಂದು ಫ್ಯಾನ್ ಒರೆಸುವ ಬಟ್ಟೆಯನ್ನು ನನ್ನ ಕೈಗಿಟ್ಟಳು.