ನೆರವು ಬೇಡವೆಂದ ಸಾಹುಕಾರರು

ನಮ್ಮ ಚಿಕ್ಕಪ್ಪ ಭಾರೀ ಸಾಹುಕಾರರು. ಹಾಗಂತ ಅವರೊಬ್ಬರೇ ಹೇಳುತ್ತಾರೆ, ನಮ್ಮೂರು ಬಿ.ಜಿ. ಕೆರೆಯಲ್ಲಿ ಎರಡನೆಯವರು ಹೇಳಿದ್ದನ್ನು ನಾನು ಕೇಳಿಲ್ಲ. ಇರುವುದು ಒಂದಿಷ್ಟು ಕುರಿ, ಇಸ್ತ್ರಿ ಮಾಡಿದ ಒಂದೇ ಒಂದು ಬಿಳಿ ಅಂಗಿ. ಆ ಅಂಗಿಯನ್ನು ಅವರು ಮದುವೆ ಮನೆಗೆ ಹಾಕುವುದಿಲ್ಲ, ಚಳ್ಳಕೆರೆಯ ಕುರಿಸಂತೆಗೆ ಹಾಕುತ್ತಾರೆ! ಮಾರುವವನು ಬಡವನಂತೆ ಕಂಡರೆ ಅವನ ಕುರಿಯೂ ಬಡಕಲಾಗಿ ಕಾಣುತ್ತದಂತೆ.

“ಲೇ ಮೇಷ್ಟ್ರೇ, ಗರಜು ತೋರಿಸಿದೋನು ಕೆಟ್ಟ ಅಂತ ತಿಳ್ಕೋ,” ಎನ್ನುವುದು ಅವರು ನನಗೆ ಹೇಳಿಕೊಟ್ಟ ಪಾಠ; ನಮಗೆ ಬೇಕಾಗಿದೆ ಎಂಬುದನ್ನು ಯಾರಿಗೂ ಬಿಟ್ಟುಕೊಡಬಾರದು ಎಂದರ್ಥ. ಮೇಷ್ಟ್ರು ಎಂದರೆ ನಾನೇ, ಚಳ್ಳಕೆರೆಯ ಶಾಲೆಯೊಂದರಲ್ಲಿದ್ದೇನೆ.

ಈ ಪಾಠವನ್ನು ಅವರು ಆಸ್ಪತ್ರೆಗೂ ಒಯ್ದರು. ಜ್ವರದಲ್ಲಿ ನಡುಗುತ್ತಿದ್ದವರನ್ನು ನಾನು ಕರೆದುಕೊಂಡು ಹೋದರೆ, ಏನು ತೊಂದರೆ ಎಂದು ಡಾಕ್ಟರು ಕೇಳಿದ್ದಕ್ಕೆ, “ಏನೂ ಇಲ್ಲ ಸಾರ್, ಈ ಕಡೆ ಬಂದಿದ್ದೆ, ಮಾತಾಡ್ಸಿ ಹೋಗಾನ ಅಂತ,” ಎಂದರು. ಡಾಕ್ಟರೂ ಮಾತಾಡಿಸಿ ಕಳಿಸಿದರು. ಜ್ವರ ಮಾತ್ರ ನಾಲ್ಕು ದಿನವಾದರೂ ಬಿಡಲಿಲ್ಲ.

ಇಂಥವರಿಗೆ ಒಬ್ಬಳು ಮಗಳು. ದೊಡ್ಡಉಳ್ಳಾರ್ತಿಯ ಹುಲ್ಲುಗಾವಲಿನಲ್ಲಿ ಎದ್ದ ವಿಜ್ಞಾನ ಸಂಸ್ಥೆಗಳ ದೊಡ್ಡ ದೊಡ್ಡ ಕಾಂಪೌಂಡುಗಳ ಒಳಗೆ ಏನು ನಡೆಯುತ್ತದೆಂದು ಕಾವಲುಗಾರನನ್ನು ಕೇಳಿ ಬೈಸಿಕೊಂಡವಳು. ವಿಜ್ಞಾನ ಓದಿ ಗೇಟಿನಿಂದಲೇ ಒಳಗೆ ಹೋಗುತ್ತೇನೆಂದು ಅಂದೇ ಹಟ ತೊಟ್ಟಳು. ಹಾಸ್ಟೆಲ್ ಇರುವ ಒಂದು ಒಳ್ಳೆಯ ಖಾಸಗಿ ಕಾಲೇಜಿನ ಅರ್ಜಿ ತಂದಳು. ಅದರ ಕೊನೆಯಲ್ಲಿತ್ತು ಆ ಕಾಲಂ: ‘ಶುಲ್ಕಕ್ಕೆ ನೆರವು ಬೇಕೇ?’

ಅರ್ಜಿ ಹಿಡಿದು ಚಿಕ್ಕಪ್ಪ ಒಬ್ಬರೇ ನನ್ನ ಶಾಲೆಗೆ ಬಂದರು. “ಲೇ, ನಿಜ ಹೇಳು. ಬೇಕು ಅಂತ ಬರೆದ್ರೆ ಸೀಟಿಗೇ ಕಲ್ಲು ಬೀಳ್ತೈತಾ?”

ಅವರು ಗರಜು ತೋರಿಸಿದ್ದನ್ನು ನಾನು ಕಂಡಿದ್ದು ಅದೊಂದೇ ಸಲ. ನನಗೋ, ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದರೆ ಮೇಷ್ಟ್ರ ಮರ್ಯಾದೆ ಏನಾಗಬೇಕು? ಕಾಲೇಜಿನ ಫೋನ್ ನಂಬರು ಅದೇ ಹಾಳೆಯ ಮೇಲಿತ್ತು. ಒಂದು ಫೋನು ಮಾಡಲು ನನಗೇನು ಧಾಡಿಯಾಗಿತ್ತು? ಮಾಡಲಿಲ್ಲ. ಕನ್ನಡಕ ಸರಿಮಾಡಿಕೊಂಡು, “ಬೀಳಬಹುದು ಚಿಕ್ಕಪ್ಪ. ಬೇಡ ಅಂತಲೇ ಹಾಕ್ರಿ. ಸೀಟು ಸಿಕ್ಕ ಮೇಲೆ ಕೇಳಿದ್ರಾತು,” ಎಂದುಬಿಟ್ಟೆ.

ಸೀಟು ಸಿಕ್ಕಿತು. ಚಿಕ್ಕಪ್ಪ ಬಿಳಿ ಅಂಗಿ ತೊಟ್ಟು, ಹೆಗಲಿಗೆ ಟವೆಲ್ ಹಾಕಿ ಕಾಲೇಜಿಗೆ ಹೊರಟರು. ಜೊತೆಗೆ ನಾನು ಮತ್ತು ಮಗಳು. ಕುರಿಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ, ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಕುದುರಿಸುತ್ತಾರೆ. ಚಿಕ್ಕಪ್ಪ ಆಫೀಸಿನಲ್ಲಿ ಕೂತವರೇ ಗುಮಾಸ್ತನ ಕೈಮೇಲೆ ಟವೆಲ್ ಮುಚ್ಚಿ ಎರಡು ಬೆರಳು ಹಿಡಿದರು! ಲಂಚವೆಂದು ಹೆದರಿದ ಆತ ಕುರ್ಚಿ ಸಮೇತ ಹಿಂದೆ ಸರಿದ.

ಶುಲ್ಕಕ್ಕೆ ನೆರವು ಕೇಳಲು ಬಂದವರೆಂದು ತಿಳಿದ ಮೇಲೆ ಪಾಪ, ಮೆತ್ತಗೆ ಹೇಳಿದ: “ಯಜಮಾನ್ರೇ, ಸೀಟು ಕೊಡೋರೇ ಬೇರೆ, ನೆರವು ಕೊಡೋರೇ ಬೇರೆ. ಸೀಟು ಕೊಡೋರಿಗೆ ಆ ಕಾಲಂ ತೋರ್ಸೋದೇ ಇಲ್ಲ. ಆಗ್ಲೇ ಬೇಕು ಅಂದಿದ್ರೆ ಸಿಗ್ತಿತ್ತು. ಈಗ ಪಟ್ಟಿ ಮುಗಿದೈತೆ.”

ಚಿಕ್ಕಪ್ಪ ನನ್ನ ಕಡೆ ನೋಡಿದರು. ನಾನು ನೋಟಿಸ್ ಬೋರ್ಡು ಓದತೊಡಗಿದೆ. ಹೊರಗೆ ಬೇವಿನ ಮರದ ಕೆಳಗೆ ಕಾಯುತ್ತಿದ್ದ ಮಗಳಿಗೆ ಅವರೇ ಹೋಗಿ ಹೇಳಿದರು. ನಾನು ದೂರವೇ ಉಳಿದೆ. ಶುಲ್ಕ ಕಟ್ಟಲಾಗದೆ ಸೀಟು ಕೈಬಿಟ್ಟಿತು, ಸರ್ಕಾರಿ ಕಾಲೇಜಿನ ದಾಖಲಾತಿಯೂ ಅಷ್ಟರಲ್ಲಿ ಮುಗಿದಿತ್ತು. ಹುಡುಗಿ ಒಂದು ವರ್ಷ ಚಳ್ಳಕೆರೆಯ ಬಟ್ಟೆ ಅಂಗಡಿಯಲ್ಲಿ ಸೀರೆ ಮಡಚಿದಳು. ಆ ಅಂಗಡಿಯ ಮುಂದೆ ಹಾಯುವುದನ್ನು ನಾನು ಬಿಟ್ಟೆ.

ಮೊನ್ನೆ ಅವಳೇ ಮನೆಗೆ ಬಂದಳು, ಅದೇ ಕಾಲೇಜಿನ ಹೊಸ ಅರ್ಜಿಯೊಂದಿಗೆ.

“ಅಣ್ಣ, ಈ ಸಲ ನೀನೇ ತುಂಬ್ಕೊಡು. ಅಪ್ಪನ್ನ ನಂಬಿ ಒಂದು ವರ್ಷ ಕಳ್ಕೊಂಡೆ. ಬೇಕು ಅಂತ ಬರೀರಿ ಅಂತ ನೀನು ಬಡ್ಕೊಂಡ್ರೂ ಕೇಳ್ಲಿಲ್ವಂತೆ. ಅವತ್ತೇ ಅಪ್ಪ ಹೇಳ್ದ.”

ಒಂದು ವರ್ಷ! ಇದ್ದೊಬ್ಬ ಮಗಳ ಮುನಿಸನ್ನು ಮನೆಯಲ್ಲಿಟ್ಟುಕೊಂಡು ಆ ಮನುಷ್ಯ ನನ್ನ ಮರ್ಯಾದೆ ಕಾದಿದ್ದರು. ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ. ‘ಬೇಕು’ ಎಂಬಲ್ಲಿ ಗುರುತು ಹಾಕಿ ಪೆನ್ನು ಕೆಳಗಿಟ್ಟೆ.

“ಕೂತ್ಕೋ ತಂಗಿ,” ಎಂದೆ. “ಬ್ಯಾಡ ಅಂದೋನು ನಿಮ್ಮಪ್ಪ ಅಲ್ಲ.”