ಅವಿರೋಧ ಆಯ್ಕೆ

ಚೇರ್ಮನ್ ದಾದಾಸಾಹೇಬರ ಹಾಲು ಅಳೆಯದೆ ಊರಿನ ಹಾಲಿನ ಸಂಘದಲ್ಲಿ ಬೇರೆಯವರ ಹಾಲು ಅಳೆಯುವಂತಿರಲಿಲ್ಲ. ಹದಿನೆಂಟು ವರ್ಷದ ಪದ್ಧತಿ. ಹದಿನೆಂಟು ವರ್ಷವೂ ಅವರದು ಅವಿರೋಧ ಆಯ್ಕೆ. ಇದರಿಂದ ಸತ್ತು ಸುಣ್ಣವಾದವನು ಸತ್ತೆಪ್ಪ. ಚಿಕ್ಕೋಡಿಯ ಶಾಲೆಯೊಂದರಲ್ಲಿ ಜವಾನನಾಗಿದ್ದ ಅವನಿಗೆ, ಚೇರ್ಮನ್ನರು ಬಂದ ಮೇಲೆ ತನ್ನ ಹಾಲು ಅಳೆಸುವಷ್ಟರಲ್ಲಿ ಏಳರ ಬಸ್ಸು ದಿನಾ ತಪ್ಪುತ್ತಿತ್ತು. ಇನ್ನೊಮ್ಮೆ ತಡವಾದರೆ ನೌಕರಿಯೇ ಇಲ್ಲ ಎಂದು ಹೆಡ್‌ಮಾಸ್ತರರು ಬರೆದೇ ಕೊಟ್ಟಿದ್ದರು.

೨೦೧೧ರ ಆ ಬುಧವಾರ ಅವನು ರಜೆ ಹಾಕಿ ಚೇರ್ಮನ್ ಚುನಾವಣೆಯ ನಾಮಪತ್ರ ಹಿಡಿದು ಹೊರಟ. ಮಧ್ಯಾಹ್ನ ಮೂರರೊಳಗೆ ಸೂಚಕನಾಗಿ ಸಂಘದ ಒಬ್ಬ ಸದಸ್ಯನ ಸಹಿ ಬೇಕಿತ್ತು. ಚೇರ್ಮನ್ನರನ್ನು ದಿನಾ ಬೈಯುವ ಭಾವುಸಾಹೇಬನ ಮನೆಗೇ ಮೊದಲು ಹೋದ.

“ಬೈಯೂದು ಬ್ಯಾರೆ, ಸಹಿ ಬ್ಯಾರೆ ಲೇ,” ಎಂದ ಭಾವುಸಾಹೇಬ, ಪೆನ್ನನ್ನು ಚೇಳಿನಂತೆ ನೋಡುತ್ತ. “ಅವರು ಹ್ವಾದ್ರ ಹಾಲಿಗಿ ನೀರ ಹಾಕೋರ್ನ ಹಿಡಿಯೋರ್ಯಾರು?”

“ಹಾಕೋರು ನೀವ ಅಲ್ರಿ ಕಾಕಾ?”

“ಅದಕ್ಕ ಹೇಳಾಕತ್ತೇನಿ. ನನಗೊಂದ ಹೆದರಿಕಿ ಬೇಕು.”

ಪಕ್ಕದ ಮನೆಯ ತುಳಸವ್ವ ಕೈಯನ್ನೇ ಸೆರಗಿನಲ್ಲಿ ಮುಚ್ಚಿಕೊಂಡಳು. “ನನ್ನ ಪಾಳಿ ಯಾವಾಗಂತ ಅವರ ಹೇಳ್ತಾರಪಾ. ತಲಿನೋವಿಲ್ಲ.”

ಸತ್ತೆಪ್ಪನ ಹೆಂಡತಿ ತಾರಾಬಾಯಿಯೂ ಸದಸ್ಯೆಯೇ. “ಬರೂ ವಾರ ಅವರ ಬಸರಿ ಸೊಸಿ ಕುಬಸ ಐತಿ. ಯಾವ ಮಾರಿ ಹೊತ್ಕೊಂಡ ಹೋಗ್ಲಿ?” ಎಂದಳು.

ಎರಡೂವರೆಗೆ ಸತ್ತೆಪ್ಪ ಎದೆ ಗಟ್ಟಿ ಮಾಡಿಕೊಂಡು ದಾದಾಸಾಹೇಬರ ಮನೆಗೇ ಹೋದ. ಅವರು ಕಾಗದ ಓದಿದರು. ಕಪಾಳಕ್ಕೆ ಬೀಳುತ್ತದೆಂದು ಇವನು ಕಣ್ಣು ಮುಚ್ಚಿದ. ಕಣ್ಣು ತೆರೆದಾಗ ಸಹಿ ಬಿದ್ದಿತ್ತು.

ಅದನ್ನು ಕಂಡದ್ದೇ ತಡ, ಊರೆಲ್ಲ ಸಹಿಗೆ ಮುಗಿಬಿತ್ತು. “ಸಾಹೇಬರ ಹೇಳಿದ್ಮ್ಯಾಲ ಮುಗೀತು!” ಎಂದ ಭಾವುಸಾಹೇಬ. ದಾದಾಸಾಹೇಬರು ನಾಮಪತ್ರ ಹಾಕಲೇ ಇಲ್ಲ; ಮೂರಕ್ಕೆ ಸತ್ತೆಪ್ಪ ಅವಿರೋಧವಾಗಿ ಆಯ್ಕೆಯಾದ.

ಮರುದಿನ ಆರಕ್ಕೇ ಸಂಘಕ್ಕೆ ಹೋಗಿ ಸಾರಿದ: “ಇನ್ನ ಯಾರ ಮೊದಲ ಬರ್ತಾರ, ಅವರ ಹಾಲ ಮೊದಲ!”

ಯಾರೂ ಅಲುಗಾಡಲಿಲ್ಲ.

“ಮೊದಲ ಬಂದಾವ್ರು ಯಾರಂತ ನೀವ ಹೇಳ್ರಿ ಚೇರ್ಮನ್ರ,” ಎಂದಳು ತುಳಸವ್ವ.

“ನಾ ನೀರ ಹಾಕೇನೋ ಇಲ್ಲೋ, ಅದನ್ನೂ ನೀವ ಹೇಳ್ರಿ,” ಎಂದ ಭಾವುಸಾಹೇಬ.

ಒಂದು ಜಗಳ ಬಗೆಹರಿಸುವಷ್ಟರಲ್ಲಿ ನಾಲ್ಕು ಹುಟ್ಟಿದವು. ಬಸ್ಸಿನ ಹಾರ್ನ್ ಕೇಳಿ ಸತ್ತೆಪ್ಪ ಓಡಿದ. ಚೇರ್ಮನ್ನರು ಓಡುತ್ತಿದ್ದಾರೆಂದು ಊರೂ ಕ್ಯಾನು ಹಿಡಿದು ಹಿಂದೆ ಓಡಿತು. ಆ ಗದ್ದಲದಲ್ಲಿ ಇವನ ಕೂಗು ಕಂಡಕ್ಟರನಿಗೆ ಕೇಳಲೇ ಇಲ್ಲ. ಬಸ್ಸು ಹೊರಟಿತು.

ಕಿಟಕಿಯಲ್ಲಿ ದಾದಾಸಾಹೇಬರು, ತೊಡೆಯ ಮೇಲೊಂದು ಚೀಲ. ಅಥಣಿಯ ಮಗಳ ಮನೆಗೆ ಹೊರಟಿದ್ದರು.

“ಸಾಹೇಬ್ರ, ನನ್ನ ನೌಕರಿ ಹೋತ್ರಿ! ಈ ಕುರ್ಚಿ ಹ್ಯಾಂಗ ಬಿಡೂದ್ರಿ?” ಎಂದು ಸತ್ತೆಪ್ಪ ಕೂಗಿದ.

“ನಾಮಪತ್ರ ಹಿಡಕೊಂಡ ಒಬ್ಬ ಹುಚ್ಚ ಬರಬೇಕಲೇ!” ದಾದಾಸಾಹೇಬರು ಕೈ ಬೀಸಿದರು. “ನನಗ ಹದಿನೆಂಟ ವರ್ಷ ಹಿಡೀತು!”