ಮೂರು ಮೇಜಿಗೊಬ್ಬ ಅಣ್ಣ

ನನ್ನ ಅಣ್ಣನ ಆಫೀಸಿನಲ್ಲಿ ಮೂವರು ಕೆಲಸ ಮಾಡುತ್ತಾರೆ. ಮೂವರೂ ನನ್ನ ಅಣ್ಣನೇ!

ನಂಬಿಕೆ ಬರದಿದ್ದರೆ ಸಂಭಾಜಿನಗರದ ಚಿಕಲಠಾಣಾಕ್ಕೆ ಹೋಗಿ ನೋಡಿ. ಕೇಂದ್ರ ಸರ್ಕಾರದ ಆ ಕಚೇರಿಯಲ್ಲಿ ಮೂರು ಮೇಜುಗಳಿವೆ. ಒಬ್ಬರು ನಿವೃತ್ತರಾದರು, ಇನ್ನೊಬ್ಬರಿಗೆ ವರ್ಗವಾಯಿತು, ಹೊಸಬರು ಬರಲೇ ಇಲ್ಲ. ಬೇರೆಯವರಾಗಿದ್ದರೆ ಎಲ್ಲ ಕಾಗದವನ್ನೂ ಒಂದೇ ಕಡೆ ಗುಡ್ಡೆ ಹಾಕಿಕೊಳ್ಳುತ್ತಿದ್ದರು. ನಮ್ಮಣ್ಣ ಶಿಸ್ತಿನವನಲ್ಲವೆ! ಮೊದಲ ಮೇಜಿನಲ್ಲಿ ಟಿಪ್ಪಣಿ ಬರೆದು, ಎದ್ದು ಎರಡನೆಯದಕ್ಕೆ ಹೋಗಿ ಕೂತು, ತನ್ನದೇ ಬರಹದಲ್ಲಿ ತಪ್ಪು ಹುಡುಕಿ, ವಿವರಣೆ ಕೇಳಿ ವಾಪಸು ಕಳಿಸುತ್ತಾನೆ. ಮತ್ತೆ ಎದ್ದುಹೋಗಿ ಕ್ಷಮೆ ಕೋರಿ ಉತ್ತರ ಬರೆಯುತ್ತಾನೆ. ಫೋನಿನಲ್ಲಿ ಕೆಲಸ ಹೇಗಿದೆ ಎಂದು ಕೇಳಿದರೆ, "ಮೂರನೇ ಟೇಬಲ್‌ನಂವ ಭಾಳ ಢಿಲಾ ಇದ್ದಾನ ನೋಡ್" ಎಂದು ದೂರುತ್ತಾನೆ.

ಮೊದಮೊದಲು ನಾನೂ ನಕ್ಕೆ. ಆಮೇಲೆ ಒಮ್ಮೆ ವಿಡಿಯೋ ಕಾಲಿನಲ್ಲಿ ಕಂಡೆ: ಅಂಗಿಯ ಗುಂಡಿಗಳೆಲ್ಲ ಒಂದೊಂದು ಮನೆ ತಪ್ಪಿವೆ, ಅದರ ಅರಿವೇ ಇಲ್ಲದೆ ಫೈಲು ತಿರುವುತ್ತಿದ್ದಾನೆ. ಪರೀಕ್ಷೆ ಮಾಡಿಸಿದರೆ ರಕ್ತದೊತ್ತಡ ಏರಿತ್ತು. ಹತ್ತು ದಿನ ಪೂರ್ತಿ ವಿಶ್ರಾಂತಿ ಬೇಕು, ಇಲ್ಲವಾದರೆ ಹೃದಯಕ್ಕೆ ಅಪಾಯ ಎಂದರು ಡಾಕ್ಟರು. ನಾಸಿಕಕ್ಕೆ, ನಮ್ಮ ಮನೆಗೆ ಬಾ ಎಂದೆ.

ರಜೆಯ ಅರ್ಜಿಯಲ್ಲಿ ಒಂದು ಕಾಲಂ ಇತ್ತು: ಗೈರುಹಾಜರಿಯಲ್ಲಿ ಕೆಲಸ ನೋಡಿಕೊಳ್ಳುವವರು ಯಾರು? ಖಾಲಿ ಬಿಟ್ಟರೆ ಅರ್ಜಿ ವಾಪಸು. ಅಣ್ಣ ತನ್ನ ಹೆಸರನ್ನೇ ಬರೆದ! ಸಾಹೇಬರು ಓದದೆಯೇ ಮಂಜೂರು ಮಾಡಿದರು! ರಜೆಯ ಮೊದಲ ದಿನ ಕರೆದುಕೊಂಡು ಬರಲು ನಾನು ಹೋದರೆ ಈ ಮಹಾಶಯ ಎರಡನೇ ಮೇಜಿನಲ್ಲಿ ಕೂತಿದ್ದಾನೆ.

"ನಾ ರಜಾದಾಗೇ ಇದ್ದೀನವ್ವ. ಚಾರ್ಜ್ ತಗೊಂಡಂವ ಬರಬೇಕಲ್ಲ ಮತ್ತ?"

ಸಿಟ್ಟಿಗೆ ನನ್ನ ಕಿವಿ ಬಿಸಿಯಾಯಿತು. ಆದರೆ ಕಾನ್ವೆಂಟಿನ ಸಿಸ್ಟರುಗಳು ದನಿ ಏರಿಸುವುದನ್ನು ಕಲಿಸಿರಲಿಲ್ಲವಲ್ಲ! ಸಾಹೇಬರ ಬಾಗಿಲು ತಟ್ಟಿ, ಅನುಮತಿ ಕೇಳಿ, ಚಪ್ಪಲಿಯನ್ನೂ ಒರೆಸಿಕೊಂಡೇ ಒಳಗೆ ಹೋದೆ. ಅವರು ನಗುನಗುತ್ತಾ ಹಿಂದಿಯಲ್ಲಿ ಅಣ್ಣನನ್ನು ಹೊಗಳಿದರು. ಇಂಥವನಿರುವಾಗ ಇನ್ನಿಬ್ಬರು ಬೇಡವೆಂದು ತಾವೇ ಮೇಲಕ್ಕೆ ಬರೆದಿದ್ದಾರಂತೆ. ಹೊಗಳಿಕೆಯಂತೆ ಹೊಗಳಿಕೆ! ಒಬ್ಬನನ್ನು ಮೂರು ಪಾಲು ಮಾಡಿ ಹಿಂಡಿದ್ದಕ್ಕೆ ಇವರಿಗೆ ಹೆಮ್ಮೆ!

ಅವರ ಪೆನ್ನನ್ನೇ ತೆಗೆದು, ಮುಚ್ಚಳ ಬಿಚ್ಚಿ, ಅವರ ಮುಂದಿದ್ದ ಅಣ್ಣನ ಅರ್ಜಿಯ ಮೇಲಿಟ್ಟೆ. ಆ ಕಾಲಮ್ಮಿನಲ್ಲಿ ನಿಮ್ಮ ಹೆಸರು ಬರೆಯಿರಿ ಸಾಹೇಬರೆ, ಬರೆಯುವವರೆಗೆ ನಾನು ಇಲ್ಲೇ ಕೂತಿರುತ್ತೇನೆ ಎಂದೆ, ಮೆಲ್ಲಗೆ. ಕೂತೂಬಿಟ್ಟೆ. ಸಾಹೇಬರು ಫ್ಯಾನು ನೋಡಿದರು, ಗಡಿಯಾರ ನೋಡಿದರು, ಫೋನೆತ್ತಿ ಇಟ್ಟರು. ಕೊನೆಗೆ ಬರೆದರು.

ರೈಲು ಹೊರಟ ಮೇಲೆ ಅಣ್ಣನ ಸರದಿ. ನಿನಗೆ ಬಾಯಿಲ್ಲವೆ, ಬುದ್ಧಿಯಿಲ್ಲವೆ, ಅತ್ತಿಗೆಯ ಮುಖವನ್ನಾದರೂ ನೋಡಬಾರದೆ ಎಂದು ಒಂದೇ ಸಮನೆ ಬೈದೆ. ಅವನು ಕಿಟಕಿಗೆ ಒರಗಿ ಕೇಳಿಸಿಕೊಂಡ.

"ಇನ್ನಾ ಬೈ ತಂಗಿ," ಎಂದ. "ನನಗಂತೂ ಸಿಟ್ಟಿಗೇಳ್ಲಾಕ ಪುರಸೊತ್ತೇ ಆಗಿಲ್ಲ."

ಮುಂದಿನ ಸ್ಟೇಶನ್ ದೌಲತಾಬಾದ್ ಬರುವ ಮೊದಲೇ ನನ್ನ ಹೆಗಲ ಮೇಲೆ ತಲೆಯಿಟ್ಟು ನಿದ್ದೆಹೋದ. ಆ ತಲೆ ಇಷ್ಟು ಹಗುರವಾಗಿದೆಯೆಂದು ನನಗೆ ಗೊತ್ತಿರಲಿಲ್ಲ. ನಾಸಿಕದವರೆಗೂ ಹೆಗಲು ಅಲುಗಿಸಲಿಲ್ಲ.